ಮಾಸ್ಟರ್ ಟ್ರೈನರ್ ಅಂತ ಸರ್ಟಿಫಿಕೇಟ್ ಕೊಟ್ಟಿದ್ದಾರೆ, ಈಗ ಊರಿಗೆ ಏನಂತ ಹೇಳಿಕೊಡಲಿ?

ಕಟ್ಟೆ ಮಾಸ್ತರ, ಯಾದಗಿರಿ

ಎಲ್ಲರಿಗೂ ನಮಸ್ಕಾರ. ನಾನು ಯಾದಗಿರಿ ಕಡೆಯ ಒಂದು ಹಳ್ಳಿ ಹೈಸ್ಕೂಲಿನಲ್ಲಿ ವಿಜ್ಞಾನ ಮಾಸ್ತರ. ಹೋದ ತಿಂಗಳು ಎರಡು ದಿನದ ತರಬೇತಿಗೆ ಕರೆದಿದ್ದರು. ಗ್ಯಾಸ್ ಸೋರಿದರೆ, ಟ್ಯಾಂಕರ್ ಮಗುಚಿದರೆ, ಕಾರ್ಖಾನೆಯಲ್ಲಿ ಕೆಮಿಕಲ್ ಅನಾಹುತ ಆದರೆ ಊರ ಜನ ಏನು ಮಾಡಬೇಕು ಅಂತ ಹೇಳಿಕೊಡುವವರನ್ನು ತಯಾರು ಮಾಡುವ ತರಬೇತಿ. "ನೀವು ಸೈನ್ಸ್ ಅಲ್ವಾ, ನೀವೇ ಹೋಗಿಬನ್ನಿ" ಅಂದರು ಹೆಡ್ ಮಾಸ್ತರು. ಹೋದೆ.

ಎರಡು ದಿನವೂ ಕಿಟಕಿ ಮುಚ್ಚಿದ ಕೋಣೆಯಲ್ಲಿ ಪಿಪಿಟಿ. ನೂರಕ್ಕೂ ಜಾಸ್ತಿ ಸ್ಲೈಡು, ಮುಕ್ಕಾಲು ಪಾಲು ಇಂಗ್ಲಿಷ್. ಊಟ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು. ಕೊನೆಗೆ ಗ್ರೂಪ್ ಫೋಟೋ, ಸರ್ಟಿಫಿಕೇಟ್. ಅದರಲ್ಲಿ ನನ್ನ ಹೆಸರಿನ ಕೆಳಗೆ "ಮಾಸ್ಟರ್ ಟ್ರೈನರ್" ಅಂತ ಬಂಗಾರದ ಅಕ್ಷರ. ಎರಡು ದಿನದಲ್ಲಿ ಒಬ್ಬರೂ ನನ್ನನ್ನು ಎಬ್ಬಿಸಿ, "ಈಗ ನೀವು ನಮಗೆ ಹೇಳಿಕೊಡಿ, ನೋಡೋಣ" ಅನ್ನಲಿಲ್ಲ.

ನಮ್ಮ ಊರಿಂದ ಒಂದಷ್ಟು ದೂರದಲ್ಲಿ ಔಷಧಿ, ಕೆಮಿಕಲ್ ಕಾರ್ಖಾನೆಗಳಿವೆ. ಕೆಲವು ರಾತ್ರಿ ವಾಸನೆ ಬರುತ್ತದೆ. ಅದು ಏನು ವಾಸನೆ ಅಂತ ಯಾರಿಗೂ ಗೊತ್ತಿಲ್ಲ. ಬರುವ ಭಾನುವಾರ ಹನುಮಾನ ಗುಡಿ ಕಟ್ಟೆ ಮೇಲೆ ಜನ ಸೇರಿಸಬೇಕು. ಒಂದು ಗಂಟೆ ಮೇಲೆ ಯಾರೂ ಕೂರಲ್ಲ. ಯಾವುದು ಹೇಳಲಿ, ಯಾವುದು ಬಿಡಲಿ?

ಬಿಸಿಲೂರು, ಕಲಬುರಗಿ

ಬೇಜಾರು ಮಾಡ್ಕೋಬೇಡಿ ಸರ್, ಇದೆಲ್ಲ ಸುಮ್ನೆ. ಒಳಗೆ ಏನಿಟ್ಟಿದ್ದಾರೆ, ಎಷ್ಟಿಟ್ಟಿದ್ದಾರೆ ಅಂತ ಕಂಪನಿಯವರು ಮೊದಲು ಹೇಳಲಿ. ಅವರು ಬಾಯಿ ಬಿಡಲ್ಲ. ನೀವು ಮಾತ್ರ ಬಡ ಜನಕ್ಕೆ "ಒದ್ದೆ ಬಟ್ಟೆ ಮೂಗಿಗೆ ಕಟ್ಟಿಕೊಳ್ಳಿ" ಅಂತ ಹೇಳಿಕೊಂಡು ತಿರುಗಬೇಕು. ಕಳ್ಳನನ್ನು ಬಿಟ್ಟು ಮನೆಯವರಿಗೆ ಬೀಗದ ಪಾಠ ಮಾಡಿದಂಗಾಯ್ತು.

ಸೇಫ್ಟಿ ಕಾಕಾ, ಬೀದರ್

ಬಿಸಿಲೂರು ತಮ್ಮಾ, ನಿನ್ನ ಸಿಟ್ಟು ಸರಿ ಇದೆ. ಆದರೆ ಅದಕ್ಕೂ ಕಾನೂನು ಇದೆ. ಯಾರೂ ಬಳಸಲ್ಲ, ಅಷ್ಟೇ.

ನಾನು ಮೂವತ್ತು ವರ್ಷ ಕಾರ್ಖಾನೆಗಳಲ್ಲಿ ಸೇಫ್ಟಿ ಕೆಲಸ ಮಾಡಿ ನಿವೃತ್ತಿ ಆದವನು. ಭೋಪಾಲ್ ಗ್ಯಾಸ್ ದುರಂತ ಆದದ್ದು 1984ರ ಡಿಸೆಂಬರ್ 2ರ ರಾತ್ರಿ. ಅದಾದ ಮೇಲೆ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮ ಬಂತು. ದೊಡ್ಡ ಪ್ರಮಾಣದಲ್ಲಿ ಇಂಥ ಸರಕು ಇಡುವ ಕಾರ್ಖಾನೆಯವರು ಸುತ್ತಲಿನ ಜನಕ್ಕೆ ಮೂರು ವಿಷಯ ತಿಳಿಸಲೇಬೇಕು. ಯಾವ ಥರದ ಅಪಘಾತ ಆಗಬಹುದು, ಅದಕ್ಕೆ ಏನು ವ್ಯವಸ್ಥೆ ಮಾಡಿದ್ದೇವೆ, ಅಪಘಾತ ಆದರೆ ನೀವೇನು ಮಾಡಬೇಕು. ಕಾಂಪೌಂಡ್ ಒಳಗಿನ ಯೋಜನೆ ಕಂಪನಿಯದು, ಹೊರಗಿನದು ಜಿಲ್ಲಾಡಳಿತದ್ದು. ಒಳಗಿನದಕ್ಕೆ ಆರು ತಿಂಗಳಿಗೊಮ್ಮೆ, ಹೊರಗಿನದಕ್ಕೆ ವರ್ಷಕ್ಕೊಮ್ಮೆ ಅಣಕು ಕಾರ್ಯಾಚರಣೆ ಆಗಬೇಕು. 1996ರಲ್ಲಿ ಇನ್ನೊಂದು ನಿಯಮ ಬಂತು. ಅದರಲ್ಲಿ ಜಿಲ್ಲಾ ಮಟ್ಟದ ಕ್ರೈಸಿಸ್ ಗ್ರೂಪ್, ಅಂದರೆ ಇಂಥ ಅನಾಹುತ ನೋಡಿಕೊಳ್ಳುವ ಸಮಿತಿ, ಅದರ ಕೆಳಗೆ ಸ್ಥಳೀಯ ಕ್ರೈಸಿಸ್ ಗ್ರೂಪ್. ಜಿಲ್ಲೆಯದಕ್ಕೆ ಡಿಸಿ ಸಾಹೇಬರೇ ಅಧ್ಯಕ್ಷರು.

ಗ್ರಾಮ ಸಭೆಯಲ್ಲಿ ಒಂದು ಠರಾವು ಮಾಡಿ, ನಮ್ಮ ಊರಿಗೆ ಸಂಬಂಧಪಟ್ಟ ಮಾಹಿತಿ ಕೊಡಿ ಅಂತ ಡಿಸಿ ಕಚೇರಿಗೂ ಕಾರ್ಖಾನೆ ಇಲಾಖೆಗೂ ಬರೆಯಿರಿ. ಕೇಳುವುದೂ ತರಬೇತಿಯ ಭಾಗವೇ. ಆದರೆ ಉತ್ತರ ಬರುವವರೆಗೆ ಗ್ಯಾಸ್ ಕಾಯಲ್ಲ. ಅದಕ್ಕೇ ಮಾಸ್ತರ ಕೆಲಸವೂ ಬೇಕು.

ಮಾಸ್ತರೇ, ನಿಮಗೆ ಒಂದೇ ಪ್ರಶ್ನೆ. ರಾತ್ರಿ ಎರಡು ಗಂಟೆಗೆ ನೀವು ಆ ಊರಲ್ಲಿ ಇರ್ತೀರಾ?

ಕಟ್ಟೆ ಮಾಸ್ತರ, ಯಾದಗಿರಿ

ಇಲ್ಲ ಕಾಕಾ. ನಾನು ಯಾದಗಿರಿಯಲ್ಲೇ ಇರೋದು. ಐದೂ ಕಾಲಿನ ಬಸ್ಸಿಗೆ ವಾಪಸ್.

ಸೇಫ್ಟಿ ಕಾಕಾ, ಬೀದರ್

ಅಂದರೆ ಊರಿಗೆ ಕಲಿಸುವವರು ನೀವಲ್ಲ. ಕಲಿಸುವವರನ್ನು ಹುಡುಕಿ ತಯಾರು ಮಾಡುವವರು ನೀವು. ಇವೆರಡೂ ಬೇರೆ ಬೇರೆ ಕೆಲಸ. ನಿಮ್ಮ ಸರ್ಟಿಫಿಕೇಟ್ ಕೊಟ್ಟವರಿಗೂ ಈ ವ್ಯತ್ಯಾಸ ಗೊತ್ತಿಲ್ಲ ಅನಿಸುತ್ತದೆ.

ಭೋಪಾಲ್ ಆದದ್ದು ನಡುರಾತ್ರಿ. ವಿಶಾಖಪಟ್ಟಣದಲ್ಲಿ ಪ್ಲಾಸ್ಟಿಕ್ ಮಾಡೋಕೆ ಬಳಸುವ ಸ್ಟೈರೀನ್ ಕೆಮಿಕಲ್ಲಿನ ಆವಿ ಸೋರಿದ್ದು 2020ರ ಮೇ 7ರ ಬೆಳಗಿನ ಜಾವ, ಸುಮಾರು ಮೂರು ಗಂಟೆಗೆ. ಲಾಕ್‌ಡೌನ್ ಮುಗಿಸಿ ಕಾರ್ಖಾನೆ ಮತ್ತೆ ಶುರು ಮಾಡುವ ಹೊತ್ತು. 12 ಜನ ಹೋದರು. ಓಡುವಾಗ ರಸ್ತೆಯಲ್ಲೇ ಕುಸಿದು ಬಿದ್ದವರ ದೃಶ್ಯ ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. ಆ ಹೊತ್ತಿನಲ್ಲಿ ಶಾಲೆ ಮಾಸ್ತರೂ ಇರಲ್ಲ, ಪಿಡಿಓ ಕೂಡ ಇರಲ್ಲ. ಇರುವವರು ಯಾರು? ಮಸೀದಿಯಲ್ಲಿ ಆಜಾನ್ ಕೂಗುವವರು. ಹೊಲಕ್ಕೆ ನೀರು ಬಿಡೋಕೆ ಎದ್ದವರು, ಯಾಕಂದರೆ ಎಷ್ಟೋ ಕಡೆ ತ್ರೀ ಫೇಸ್ ಕರೆಂಟು ರಾತ್ರಿ ಬರೋದು. ಕುರಿ ಹಟ್ಟಿಯಲ್ಲಿ ಮಲಗಿದವರು. ಬಾಣಂತಿ ಮನೆಗೆ ಓಡಾಡುವ ಆಶಾ. ಅವರನ್ನು ಹಿಡೀರಿ.

ಆಶಾ ಅಕ್ಕ, ಸೇಡಂ

ಕಾಕಾರು ನಮ್ಮನ್ನು ನೆನೆಸಿದ್ದಕ್ಕೆ ಥ್ಯಾಂಕ್ಸ್. ಒಂದು ಘಟನೆ ಹೇಳ್ತೀನಿ.

ನಮ್ಮ ಕಡೆ ಒಮ್ಮೆ ಇಂಥದ್ದೇ ತರಬೇತಿ ಆಯ್ತು. ಹೊರಗಿನಿಂದ ಬಂದ ಸಾಹೇಬರು ಒಳ್ಳೆಯವರೇ. ಮೈಮೇಲೆ ಕೆಮಿಕಲ್ ಬಿದ್ದರೆ ಏನು ಮಾಡಬೇಕು ಅಂತ ಹೇಳೋಕೆ ಶುರು ಮಾಡಿದರು. "ಮೊದಲು ಹಾಕಿಕೊಂಡಿರುವ ಬಟ್ಟೆಯನ್ನೆಲ್ಲ ತೆಗೆದುಬಿಡಬೇಕು." ಅಷ್ಟೇ. ಹೆಂಗಸರೆಲ್ಲ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕರು. ಹಿಂದಿನ ಸಾಲಿನವರು ಎದ್ದೇ ಹೋದರು. ಆಮೇಲೆ ಅವರು ಹೇಳಿದ್ದು ಯಾರ ಕಿವಿಗೂ ಬೀಳಲಿಲ್ಲ.

ಮಾತು ಮಾತ್ರ ನಿಜ. ಮೈಗೆ ಹತ್ತಿದ ವಿಷದ ಬಹುಪಾಲು ಬಟ್ಟೆಯ ಜೊತೆಗೇ ಹೋಗುತ್ತದೆ. ಆಮೇಲೆ ಹರಿಯುವ ನೀರಲ್ಲಿ ಹದಿನೈದು ಇಪ್ಪತ್ತು ನಿಮಿಷ ತೊಳೆಯಬೇಕು. ಕಣ್ಣಿಗೂ ಅಷ್ಟೇ ಹೊತ್ತು. ಪುಡಿ ಇದ್ದರೆ ಮೊದಲು ಒಣಗಿದಂಗೇ ಝಾಡಿಸಿ, ಆಮೇಲೆ ನೀರು.

ನಾನು ಅದನ್ನೇ ನಮ್ಮ ಓಣಿಯಲ್ಲಿ ಬೇರೆ ಥರ ಹೇಳಿದೆ. ಹೆಂಗಸರಷ್ಟೇ ಇದ್ದರು, ಅಂಗನವಾಡಿ ಬಾಗಿಲು ಹಾಕಿಕೊಂಡೆವು. ಇಬ್ಬರು ಸೀರೆಯನ್ನು ಅಡ್ಡ ಹಿಡಿದು ನಿಂತರು, ಜಳಕದ ಕೋಣೆ ಥರ. ಒಳಗೆ ಒಬ್ಬಳು. ಕುಪ್ಪಸ ತಲೆ ಮೇಲಿಂದ ಎಳೆಯಬಾರದು, ಮುಖಕ್ಕೆ ತಾಗುತ್ತದೆ, ಕತ್ತರಿಯಿಂದ ಕತ್ತರಿಸಿ ತೆಗೀಬೇಕು ಅಂತ ತೋರಿಸಿದೆ. ಹಳೇ ಕುಪ್ಪಸ ಒಂದು ಕತ್ತರಿಸಿಯೇ ತೋರಿಸಿದೆ. "ಅಯ್ಯೋ ಹೊಸಾದಿದ್ರ ಏನ್ ಮಾಡ್ಲಿ ಅಕ್ಕಾ" ಅಂದಳು ಒಬ್ಬಳು. ಆ ಪ್ರಶ್ನೆ ಬಂತು ಅಂದರೆ ಮನಸ್ಸಿಗೆ ಇಳಿದಿದೆ ಅಂತ ಅರ್ಥ.

ಕಲಿಸುವವರಲ್ಲಿ ಒಬ್ಬ ಹೆಂಗಸು ಇರಲೇಬೇಕು ಮಾಸ್ತರೇ.

ಗಂಜ್ ಹುಡುಗ, ಕಲಬುರಗಿ

ಎಲ್ಲರೂ ಕಾರ್ಖಾನೆ ಕಾರ್ಖಾನೆ ಅಂತೀರಿ. ಕಲಬುರಗಿಯಲ್ಲಿ ನಾವು ಹೊಟ್ಟೆಗೆ ತಿನ್ನುವ ತೊಗರಿಯ ಪಕ್ಕದಲ್ಲೇ ವಿಷ ಇಟ್ಟುಕೊಂಡಿದ್ದೇವೆ, ಅದು ಯಾರಿಗೂ ಕಾಣಲ್ಲ.

ಗೋದಾಮಿನಲ್ಲಿ ಹುಳ ಬೀಳದಂತೆ ಗುಳಿಗೆ ಹಾಕುತ್ತಾರಲ್ಲ, ಅಲ್ಯೂಮಿನಿಯಂ ಫಾಸ್ಫೈಡ್. ಮೂರು ಗ್ರಾಮಿನ ಒಂದು ಗುಳಿಗೆ ಗಾಳಿಯ ತೇವ ತಾಗಿ ಒಂದು ಗ್ರಾಮ್ ಫಾಸ್ಫೀನ್ ಗ್ಯಾಸ್ ಬಿಡುತ್ತದೆ. ಬೆಳ್ಳುಳ್ಳಿ ವಾಸನೆ, ಇಲ್ಲಾ ಕೊಳೆತ ಮೀನಿನ ವಾಸನೆ. ಚೀಲದ ಥಪ್ಪಿ ಮೇಲೆ ತಾಡಪತ್ರಿ ಮುಚ್ಚಿ ದಿನಗಟ್ಟಲೆ ಬಿಡುತ್ತಾರೆ. ತರಬೇತಿ ಪಡೆದ ಪೆಸ್ಟ್ ಕಂಟ್ರೋಲಿನವರೇ ಹಾಕಬೇಕು ಅಂತ ನಿಯಮ. ಆದರೆ ನಾನು ಮೊದಲು ಕೆಲಸಕ್ಕಿದ್ದ ಕಡೆ ಅಡತಿ ಅಂಗಡಿ ಹುಡುಗನೇ ಬರಿಗೈಲಿ ಹಾಕುತ್ತಿದ್ದ.

ಒಂದು ಮಳೆಗಾಲದ ರಾತ್ರಿ ಹಮಾಲರು ಇಬ್ಬರು ಅದೇ ಗೋದಾಮಿನ ಜಗಲಿ ಮೇಲೆ ಮಲಗಿದ್ದರು. ಬೆಳಗ್ಗೆ ತಲೆನೋವು, ವಾಂತಿ, ಎದೆ ಬಿಗಿತ. "ರಾತ್ರಿ ಜಾಸ್ತಿ ಕುಡಿದಿರಬೇಕು" ಅಂದರು ಅಲ್ಲಿದ್ದವರು. ಒಬ್ಬ ಹಮಾಲ ಕುಡಿಯುವವನೇ ಅಲ್ಲ. ಪುಣ್ಯಕ್ಕೆ ಇಬ್ಬರೂ ಉಳಿದರು. ಮಾಲೀಕರು ಏನು ಮಾಡಿದರು ಗೊತ್ತಾ? ವಾಸನೆ ಹೋಗಲಿ ಅಂತ ಗೋದಾಮಿಗೆ ನೀರು ಹೊಡೆಸೋಕೆ ಹೊರಟಿದ್ದರು!

ಸೇಫ್ಟಿ ಕಾಕಾ, ಬೀದರ್

ಅಯ್ಯೋ ದೇವರೇ. ನೀರು ಬಿದ್ದರೆ ಆ ಗುಳಿಗೆ ಇನ್ನೂ ಜೋರಾಗಿ ಗ್ಯಾಸ್ ಬಿಡುತ್ತದೆ, ಬೆಂಕಿಯೂ ಹತ್ತಬಹುದು. ಬಾಗಿಲು ತೆರೆದು ದೂರ ಹೋಗಬೇಕು, ಅಷ್ಟೇ.

ಕ್ಲೋರಿನ್ ಕೂಡ ಹೀಗೇ. ನೀರು ಶುದ್ಧ ಮಾಡುವ ಕಡೆ ಅದರ ಸಿಲಿಂಡರ್ ಇರುತ್ತವೆ. ಸೋರುವ ಜಾಗಕ್ಕೇ ನೀರು ಹೊಡೆದರೆ ಆಮ್ಲ ಆಗಿ ಲೋಹ ತಿಂದು ತೂತು ದೊಡ್ಡದಾಗುತ್ತದೆ. ಆದರೆ ಐಸ್ ಫ್ಯಾಕ್ಟರಿ, ಕೋಲ್ಡ್ ಸ್ಟೋರೇಜಿನ ಅಮೋನಿಯಾ ಬೇರೆ. ಅದರ ಮೋಡಕ್ಕೆ ಅಗ್ನಿಶಾಮಕದವರು ದೂರದಿಂದ ನೀರಿನ ತುಂತುರು ಹೊಡೆದೇ ಹಿಡಿಯುತ್ತಾರೆ, ನೀರಿಗೆ ಅದು ಕರಗುತ್ತದೆ. ಒಂದಕ್ಕೆ ನೀರು ಮದ್ದು, ಇನ್ನೊಂದಕ್ಕೆ ಅದೇ ಶತ್ರು. ಅದಕ್ಕೇ ಊರವರಿಗೆ ನಾನು ಹೇಳುವುದು: ನೀವು ಯಾವುದಕ್ಕೂ ಏನೂ ಹೊಡೆಯಬೇಡಿ.

ರೈತ ಮಗ, ಹುಮನಾಬಾದ್

ನಮ್ಮ ಹಿರಿಯರು ಬಾವಿಗೆ ಇಳಿಯುವ ಮುಂಚೆ ಕಂದೀಲು ಇಳಿಬಿಡುತ್ತಿದ್ದರು. ದೀಪ ಆರಿದರೆ ಇಳಿಯುತ್ತಿರಲಿಲ್ಲ. ಅದನ್ನು ಕಲಿಸಿದರೆ ಜನಕ್ಕೆ ಬೇಗ ಅರ್ಥ ಆಗುತ್ತೆ ಅಲ್ವಾ?

ಸೇಫ್ಟಿ ಕಾಕಾ, ಬೀದರ್

ಹಿರಿಯರು ಜಾಣರು, ಅವರ ಬಾವಿಗೆ ಅದು ಸರಿ. ಇವತ್ತಿನ ಗುಂಡಿಗೆ ಸಲ್ಲದು. ಮ್ಯಾನ್‌ಹೋಲ್, ಸೆಪ್ಟಿಕ್ ಟ್ಯಾಂಕ್, ಕಾರ್ಖಾನೆಯ ಕೊಳೆನೀರಿನ ತೊಟ್ಟಿ, ಇವುಗಳಲ್ಲಿ ಹತ್ತಿಕೊಳ್ಳುವ ಮೀಥೇನ್ ಇದ್ದರೆ ಕಂದೀಲೇ ಬಾಂಬು. ಹೈಡ್ರೋಜನ್ ಸಲ್ಫೈಡ್ ಇದ್ದರೆ ದೀಪ ಚೆನ್ನಾಗಿ ಉರಿಯುತ್ತಲೇ ಇರುತ್ತದೆ, ಮನುಷ್ಯ ಬೀಳುತ್ತಾನೆ. ಅದು ಕೊಳೆತ ಮೊಟ್ಟೆ ವಾಸನೆಯ ಗ್ಯಾಸ್. ಆದರೆ ಜಾಸ್ತಿ ಇದ್ದಾಗ ಮೂಗೇ ಸತ್ತುಹೋಗುತ್ತದೆ, ವಾಸನೆ ಬರಲ್ಲ. "ವಾಸನೆ ಹೋಯ್ತು, ಇಳಿ" ಅಂದವನ ಮಾತು ಕೇಳಿದವರು ಮನೆಗೆ ಬರಲಿಲ್ಲ.

ನನ್ನ ಸರ್ವೀಸಿನಲ್ಲಿ ಅತಿ ಕೆಟ್ಟ ದಿನ ಅಂದರೆ ಅದೇ. ಯಾವ ಕಾರ್ಖಾನೆ ಅಂತ ಬೇಡ. ತೊಟ್ಟಿ ತೊಳೆಯೋಕೆ ಒಬ್ಬ ಇಳಿದ. ಬಿದ್ದ. ಅವನನ್ನು ತೆಗೆಯೋಕೆ ಇನ್ನೊಬ್ಬ. ಮೂರನೆಯವನು ಮೊದಲನೆಯವನ ಅಣ್ಣ. ಅವನನ್ನು ನಾನು ಸೊಂಟಕ್ಕೆ ಹಿಡಿದುಕೊಂಡೆ. ನನಗೆ ಕಪಾಳಕ್ಕೆ ಹೊಡೆದ. ಬಿಡಲಿಲ್ಲ. ಇವತ್ತಿಗೂ ಅವನು ನನ್ನ ಜೊತೆ ಮಾತಾಡಲ್ಲ. ಬದುಕಿದ್ದಾನೆ.

ಮಾಸ್ತರೇ, ಒಂದು ಗಂಟೆಯಲ್ಲಿ ಅರ್ಧ ಗಂಟೆ ಇದಕ್ಕೇ ಇಡಿ. ಬಿದ್ದವನ ಹತ್ತಿರ ಓಡಬಾರದು. ಇದಕ್ಕಿಂತ ಕಷ್ಟದ ಪಾಠ ಇಲ್ಲ. ಸ್ಲೈಡಿನಿಂದ ಬರಲ್ಲ. ಮಾಡಿಸಿಯೇ ಕಲಿಸಬೇಕು.

ಹ್ಯೂಸ್ಟನ್ ರೊಟ್ಟಿ, ಊರು ಕಲಬುರಗಿ, ಹೊಟ್ಟೆಪಾಡು ಟೆಕ್ಸಸ್

ಇಲ್ಲಿಂದ ಒಂದು ಮಾತು. ಟೆಕ್ಸಸ್‌ನಲ್ಲಿ ವೆಸ್ಟ್ ಅಂತಲೇ ಹೆಸರಿನ ಸಣ್ಣ ಊರಿದೆ. 2013ರ ಏಪ್ರಿಲ್ 17ರಂದು ಅಲ್ಲಿ ಗೊಬ್ಬರದ ಗೋದಾಮಿಗೆ ಬೆಂಕಿ ಬಿತ್ತು. ಒಳಗೆ ಅಮೋನಿಯಂ ನೈಟ್ರೇಟ್. ಸ್ಫೋಟಿಸಿತು. ಸತ್ತವರು 15 ಜನ, ಅದರಲ್ಲಿ 12 ಜನ ಬೆಂಕಿ ಆರಿಸೋಕೆ, ಸಹಾಯಕ್ಕೆ ಅಂತ ಹೋದವರು. ಅಲ್ಲಿ ಹಳ್ಳಿ ಅಗ್ನಿಶಾಮಕ ದಳ ಅಂದರೆ ಊರಿನ ಸ್ವಯಂಸೇವಕರೇ. ಕಾಕಾ ಹೇಳಿದ ಅಣ್ಣನ ಕಥೆಯೇ, ಅಳತೆ ಬೇರೆ.

ಗಾಬರಿ ಬೇಡ, ನಮ್ಮ ಕಡೆ ಅಂಗಡಿಯಲ್ಲಿ ಸಿಗುವ ಯೂರಿಯಾ ಅದಲ್ಲ. ಎರಡನ್ನೂ ಒಂದೇ ಅಂದುಕೊಂಡು ವಾಟ್ಸಾಪಿನಲ್ಲಿ ಹೆದರಿಸುವವರು ಇದ್ದಾರೆ.

ಅಮೆರಿಕದಲ್ಲಿ 1986ರಲ್ಲಿ ಊರಿಗೆ ಮಾಹಿತಿ ಕೊಡುವ ಕಾನೂನು ಬಂದದ್ದು ನಮ್ಮ ಭೋಪಾಲ್ ನೋಡಿ. ಊರೂರಿಗೆ ತುರ್ತು ಯೋಜನಾ ಸಮಿತಿ ಆದವು. ಹ್ಯೂಸ್ಟನ್ ಪಕ್ಕದ ಡೀರ್ ಪಾರ್ಕ್‌ನ ಸಮಿತಿಯವರು ಮಕ್ಕಳಿಗೆ ಕಲಿಸೋಕೆ ವಾಲಿ ಅಂತ ಒಂದು ಆಮೆಯ ವೇಷ ಮಾಡಿದ್ದಾರೆ. ಅಪಾಯ ಬಂದರೆ ಆಮೆ ಚಿಪ್ಪಿನೊಳಗೆ ಹೋಗುತ್ತೆ, ನೀನು ಮನೆಯೊಳಗೆ ಹೋಗು, ಬಾಗಿಲು ಹಾಕು, ಎಸಿ ಬಂದ್ ಮಾಡು. ಮೂರು ವರ್ಷದ ಮಗುವಿಗೂ ತಿಳಿಯುತ್ತದೆ. ನನ್ನ ಮಗಳು ಮನೆಗೆ ಬಂದು ನನಗೆ ಪಾಠ ಮಾಡಿದಳು.

ಬಿಸಿಲೂರು, ಕಲಬುರಗಿ

ಆಮೆ ಚೆನ್ನಾಗಿದೆ. ಆದರೆ ಏಪ್ರಿಲ್‌ನಲ್ಲಿ 43 ಡಿಗ್ರಿಗೆ ನಮ್ಮ ಜನ ಮಾಳಿಗೆ ಮೇಲೆ ಮಲಗಿರ್ತಾರೆ. ತಗಡಿನ ಮನೆಯವರಿಗೆ ಚಿಪ್ಪು ಎಲ್ಲಿದೆ? ಮೇಲೆ ಕೂಲರ್ ಬೇರೆ. ಕೂಲರ್ ಹೊರಗಿನ ಗಾಳಿಯನ್ನೇ ಎಳೆದು ಒಳಗೆ ಬಿಡೋದು. ಈ ಸ್ಲೈಡ್ ಮಾಡಿದವರು ಯಾರಾದರೂ ಒಮ್ಮೆ ಕಲಬುರಗಿಯ ಮೇ ತಿಂಗಳು ನೋಡಿದ್ದಾರಾ?

ಸೇಫ್ಟಿ ಕಾಕಾ, ಬೀದರ್

ಈಗ ನೀನು ಟ್ರೈನರ್ ಥರ ಮಾತಾಡ್ತಿದ್ದೀಯ ತಮ್ಮಾ. ಕೂಲರ್ ಮೊದಲು ಬಂದ್ ಮಾಡಿ ಅನ್ನೋದು ಯಾವ ಪುಸ್ತಕದಲ್ಲೂ ನಾನು ಓದಿಲ್ಲ. ನಮ್ಮ ಕಡೆಗೆ ಅದೇ ಮೊದಲ ಪಾಠ ಆಗಬೇಕು.

ತಗಡಿನ ಮನೆ ಬಗ್ಗೆ ನೇರವಾಗಿ ಹೇಳ್ತೀನಿ. ಗಾಳಿ ನಿಲ್ಲದ ಮನೆಯಲ್ಲಿ ಕೂತು ಉಪಯೋಗ ಇಲ್ಲ. ಓಣಿಯಲ್ಲಿ ಗಟ್ಟಿ ಮನೆ ಯಾವುದು, ಶಹಾಬಾದ್ ಕಲ್ಲಿನದೋ ಆರ್‌ಸಿಸಿಯದೋ, ಅದನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಆ ಮನೆಯವರನ್ನು ಒಪ್ಪಿಸಿ. ಜಾತಿ ಅಡ್ಡ ಬರುತ್ತದೆ, ನನಗೂ ಗೊತ್ತು. ಅದಕ್ಕೇ ಮೊದಲೇ ಮಾತಾಡಿ ಅಂದದ್ದು, ರಾತ್ರಿ ಎರಡಕ್ಕೆ ಅಲ್ಲ. ಬೆಳಕಿಂಡಿಗೆ ಚೀಲ ತುರುಕಿ, ಬಾಗಿಲ ಸಂದಿಗೆ ಒದ್ದೆ ಟವೆಲ್. ಮೋಡ ಸಾಗಿಹೋದ ಮೇಲೆ ಎಲ್ಲ ತೆರೆದು ಹೊರಗೆ ಬರಬೇಕು, ಇಲ್ಲಾಂದ್ರೆ ಒಳಗೆ ಸೇರಿದ್ದು ಒಳಗೇ ಉಳಿಯುತ್ತದೆ. ಈ ಕೊನೆಯದನ್ನು ಎಲ್ಲರೂ ಮರೆಯುತ್ತಾರೆ.

ಕ್ಲೋರಿನ್ ಗಾಳಿಗಿಂತ ಎರಡೂವರೆ ಪಟ್ಟು ತೂಕ. ಅದು ಹಳ್ಳ, ಗಟಾರ, ನೆಲಮಾಳಿಗೆಗೆ ಇಳಿಯುತ್ತದೆ. ಚಳಿಗಾಲದ ರಾತ್ರಿ ಗಾಳಿ ಆಡದಿದ್ದರೆ ಅಲ್ಲೇ ಕೂರುತ್ತದೆ. ಹಳ್ಳದ ದಾರಿ ಹಿಡಿದು ಓಡಬಾರದು, ಏರಿನ ಕಡೆಗೆ ಹೋಗಬೇಕು.

ಇನ್ನು ಒದ್ದೆ ಬಟ್ಟೆ. ಅದು ಹೆಚ್ಚೆಂದರೆ ಹೊರಗೆ ಹೋಗೋಕೆ ಒಂಚೂರು ಹೊತ್ತು ಕೊಡಬಹುದು. ಒಳಗೆ ಹೋಗೋಕೆ ಅದು ಮಾಸ್ಕ್ ಅಲ್ಲ.

ಸ್ಟೇರಿಂಗ್, ಹುಮನಾಬಾದ್

ನಾನು ಟ್ಯಾಂಕರ್ ಡ್ರೈವರ್. ಹೈದರಾಬಾದ್–ಸೋಲಾಪುರ ಹೈವೇ ನನ್ನ ಮನೆ ಇದ್ದಂಗೆ. ಕಾರ್ಖಾನೆ ಇಲ್ಲದ ಊರಿಗೂ ನಾವು ಕೆಮಿಕಲ್ ತಂದುಕೊಡ್ತೀವಿ, ಅದನ್ನು ಮರೀಬೇಡಿ.

ನಮಗೆ ಲೈಸೆನ್ಸಿಗೆ ಮೂರು ದಿನದ ಟ್ರೇನಿಂಗ್ ಕಡ್ಡಾಯ. ಕ್ಯಾಬಿನ್ನಿನಲ್ಲಿ ಟ್ರೆಮ್ ಕಾರ್ಡ್ ಇರಬೇಕು, ಏನು ಸರಕು, ಸೋರಿದರೆ ಏನು ಮಾಡಬೇಕು ಅಂತ ಅದರಲ್ಲಿ ಇರುತ್ತೆ. ಗಾಡಿಯ ಪಕ್ಕಕ್ಕೂ ಹಿಂದಕ್ಕೂ ಒಂದು ಫಲಕ. ಅದರಲ್ಲಿ ನಾಲ್ಕಂಕಿ ನಂಬರ್ ನೋಡಿ. 1203 ಅಂದರೆ ಪೆಟ್ರೋಲ್, 1202 ಡೀಸೆಲ್, 1075 ಅಡುಗೆ ಗ್ಯಾಸ್, 1005 ಅಮೋನಿಯಾ, 1017 ಕ್ಲೋರಿನ್. ಮೇಲೆ ಸಣ್ಣ ಕೋಡ್ ಇರುತ್ತೆ, ಕೊನೆಗೆ ಇಂಗ್ಲಿಷಿನ ಇ ಅಕ್ಷರ ಇದ್ದರೆ ಸುತ್ತಲಿನ ಜನರನ್ನು ಖಾಲಿ ಮಾಡಿಸೋ ವಿಚಾರ ಮಾಡಿ ಅಂತ. ಫಲಕ ಓದೋಕೆ ಹತ್ತಿರ ಹೋಗಬೇಡಿ. ದೂರದಿಂದ ಮೊಬೈಲ್ ಕ್ಯಾಮೆರಾ ಝೂಮ್ ಮಾಡಿ ಫೋಟೋ ಹೊಡೀರಿ, ಗಾಳಿ ನಿಮ್ಮ ಬೆನ್ನಿಗಿರಲಿ. 112ಕ್ಕೆ ಆ ನಂಬರ್ ಹೇಳಿ. ನಿಮಗೆ ಅರ್ಥ ಆಗದಿದ್ದರೂ ಆ ಕಡೆಯವರಿಗೆ ಆಗುತ್ತೆ.

ಒಮ್ಮೆ ನನ್ನ ಕಣ್ಣೆದುರೇ ಅಡುಗೆ ಎಣ್ಣೆ ಟ್ಯಾಂಕರ್ ಮಗುಚಿತು. ಹತ್ತು ನಿಮಿಷದಲ್ಲಿ ಬಿಂದಿಗೆ, ಬಕೆಟ್, ಒಬ್ಬಳು ಒಗ್ಗರಣೆ ಪಾತ್ರೆಯನ್ನೇ ತಂದಿದ್ದಳು. ಡ್ರೈವರ್ ರಕ್ತ ಸುರಿಸಿಕೊಂಡು ಕೂತಿದ್ದ, ಅವನ ಕಡೆ ಯಾರೂ ನೋಡಲಿಲ್ಲ. ಎಣ್ಣೆ ಇತ್ತು, ಬಚಾವ್. ಪಾಕಿಸ್ತಾನದ ಬಹಾವಲ್‌ಪುರ ಕಡೆ 2017ರ ಜೂನಿನಲ್ಲಿ ಪೆಟ್ರೋಲ್ ಟ್ಯಾಂಕರ್ ಮಗುಚಿ ಜನ ಹೀಗೇ ತುಂಬಿಕೊಳ್ಳೋಕೆ ಹೋದರು. ಬೆಂಕಿ ಹತ್ತಿ 200ಕ್ಕೂ ಜಾಸ್ತಿ ಜನ ಸತ್ತರು.

ಅಡುಗೆ ಗ್ಯಾಸಿನ ಟ್ಯಾಂಕರಿಗೆ ಬೆಂಕಿ ತಾಗಿದೆ ಅಂದರೆ ನಾನಂತೂ ವಿಡಿಯೋ ಮಾಡೋಕೆ ನಿಲ್ಲಲ್ಲ. ಒಂದೂವರೆ ಕಿಲೋಮೀಟರ್ ಆಚೆ ಹೋಗಿ ನೀರು ಕುಡೀತೀನಿ. 2024ರ ಡಿಸೆಂಬರ್‌ನಲ್ಲಿ ಜೈಪುರದ ಹೈವೇಯಲ್ಲಿ ಗ್ಯಾಸ್ ಮೊದಲು ರಸ್ತೆ ತುಂಬ ಹರಡಿತು, ಆಮೇಲೆ ಹತ್ತಿಕೊಂಡಿತು. ಹಿಂದೆ ನಿಂತಿದ್ದ ಬಸ್ಸು, ಲಾರಿಗಳೆಲ್ಲ ಸುಟ್ಟವು.

ಗಂಜ್ ಹುಡುಗ, ಕಲಬುರಗಿ

ಅಣ್ಣಾ, ನೀನು ಈ ಪಾಠ ಮಾಡಿದರೆ ನಮ್ಮ ಹಮಾಲರು ಬಾಯಿ ಬಿಟ್ಟುಕೊಂಡು ಕೇಳ್ತಾರೆ. ಮಾಸ್ತರ್ ಮಾಡಿದರೆ ನಿದ್ದೆ ಹೋಗ್ತಾರೆ. ಮಾಸ್ತರ್, ಕ್ಷಮೆ ಇರಲಿ.

ಕಟ್ಟೆ ಮಾಸ್ತರ, ಯಾದಗಿರಿ

ಕ್ಷಮೆ ಯಾಕೆ, ನನ್ನ ಕ್ಲಾಸಿನಲ್ಲೂ ಮಲಗ್ತಾರೆ.

ಭಾನುವಾರದ ಯೋಜನೆ ಬದಲಾಯಿಸಿದೆ. ಊರವರಿಗೆ ಭಾಷಣ ಬೇಡ. ಐದು ಜನರನ್ನು ಗೊತ್ತು ಮಾಡಿದ್ದೇನೆ. ಮಸೀದಿಯ ಮೌಲಾ ಸಾಬರು, ನಮ್ಮ ಊರಿನ ಆಶಾ, ಟ್ರ್ಯಾಕ್ಟರ್ ಓಡಿಸುವ ಒಬ್ಬ ಹುಡುಗ, ಕುರಿಯವರ ಮನೆಯ ಹಿರಿಯ, ಹತ್ತನೇ ಕ್ಲಾಸಿನ ಒಬ್ಬ ಹುಡುಗಿ. ಹುಡುಗಿ ಯಾಕೆ ಅಂದರೆ ಅವಳ ಮಾತಿಗೆ ಓಣಿಯ ಚಿಕ್ಕ ಮಕ್ಕಳೆಲ್ಲ ಕುಣಿಯುತ್ತಾರೆ. ಮೊದಲ ವಾರ ಇವರಿಗೆ ಅಷ್ಟೇ. ನಾನು ಹತ್ತು ನಿಮಿಷ ಹೇಳುವುದು, ಅವರು ಅದನ್ನೇ ತಿರುಗಿ ನನಗೆ ಹೇಳಿಕೊಡುವುದು.

ಕಟ್ಟೆ ಮಾಸ್ತರ, ಯಾದಗಿರಿ

ಭಾನುವಾರ ರಾತ್ರಿ ಬರೀತಿದ್ದೇನೆ. ಬಸ್ ತಪ್ಪಿತು. ಟ್ರ್ಯಾಕ್ಟರ್ ಹುಡುಗನ ಬೈಕಿನಲ್ಲಿ ಮನೆಗೆ ಬಂದೆ.

ಐದು ಜನ ಅಂದುಕೊಂಡಿದ್ದೆ, ನಲವತ್ತು ಜನ ಸೇರಿದರು. ಗುಡಿ ಕಟ್ಟೆ ಅಲ್ವಾ, ಮುಚ್ಚಿಡೋಕಾಗಲ್ಲ.

ಗಾಳಿಯ ಪಾಠಕ್ಕೆ ಮೊದಲು ಕೈ ಹಾಕಿದೆ. ಬೋರ್ಡ್ ಮೇಲೆ ಬಾಣದ ಗುರುತು ಬರೆದು, ಗಾಳಿ ಹೀಗೆ ಬೀಸಿದರೆ ಅಂತ ಶುರು ಮಾಡಿದೆ. ಕುರಿಯವರ ಹಿರಿಯರು ನಕ್ಕುಬಿಟ್ಟರು. "ಏನ್ರಿ ಮಾಸ್ತರ, ಗಾಳಿ ಯಾ ಕಡಿಂದ ಬೀಸ್ತದ ಅಂತ ನಮಗ ಕಲಸ್ತೀರೇನು?" ಎದ್ದು ಹೋಗಿ ಪಕ್ಕದ ಕಣದಿಂದ ಒಂದು ಹಿಡಿ ತೊಗರಿ ಹೊಟ್ಟು ತಂದು ಮೇಲಿಂದ ಬಿಟ್ಟರು. ಹೊಟ್ಟು ಮಸೀದಿ ಕಡೆಗೆ ಹಾರಿತು. ಜೀವನ ಪೂರ್ತಿ ರಾಶಿ ತೂರಿದವರು. ನಾನು ಸುಣ್ಣದ ಕಡ್ಡಿ ಜೇಬಿಗಿಟ್ಟೆ.

ಆಮೇಲೆ ಅವರೇ ಪಾಠ ಮಾಡಿದರು. "ಹೊಟ್ಟು ಹೋದ ಕಡಿ ಓಡಬ್ಯಾಡ್ರಿ. ಹೊಟ್ಟಿಗಿ ಅಡ್ಡ ಹೋಗ್ರಿ, ಆಮ್ಯಾಲ ಗಾಳಿ ಬರೋ ಕಡಿ ತಿರುಗ್ರಿ." ಭೋಪಾಲದಲ್ಲಿ ಎಷ್ಟೋ ಜನ ಗಾಳಿ ಹೋದ ದಿಕ್ಕಿಗೇ ಓಡಿ ಸತ್ತರು ಅಂತ ನಾನು ಒಂದು ಮಾತು ಸೇರಿಸಿದೆ. ರಾತ್ರಿ ಹೊಟ್ಟು ಕಾಣಲ್ಲವಲ್ಲ ಅಂತ ಹುಡುಗಿ ಕೇಳಿದಳು. ಗುಡಿಯ ಧ್ವಜ, ದರ್ಗಾದ ನಿಶಾನಿ, ಎರಡಕ್ಕೂ ಬಲ್ಬು ಹಾಕೋಣ ಅಂತ ಮೌಲಾ ಸಾಬರು ಅಂದರು. ಮೈಕ್ ವಿಷಯವೂ ಅಲ್ಲೇ ತೀರ್ಮಾನ ಆಯ್ತು. ಗುಡಿ, ಮಸೀದಿ ಎರಡರ ಮೈಕಿನಲ್ಲೂ ಒಂದೇ ಮಾತು, ಕನ್ನಡದಲ್ಲೂ ಉರ್ದುವಿನಲ್ಲೂ. ಯಾವ ಮಾತು ಅಂತ ಚೀಟಿ ಬರೆದು ಮೈಕಿನ ಪೆಟ್ಟಿಗೆಗೆ ಅಂಟಿಸಬೇಕು, ಗಾಬರಿಯಲ್ಲಿ ನೆನಪಾಗಲ್ಲ. ಇದು ನನ್ನ ನೂರು ಸ್ಲೈಡಿನಲ್ಲಿ ಇರಲಿಲ್ಲ.

ಆಮೇಲೆ ಕಾಕಾ ಹೇಳಿದ ಪಾಠ. ಯಾರಿಗೂ ಹೇಳದೆ ನಾನೇ ಗಟಾರದ ಪಕ್ಕ ಬಿದ್ದೆ. "ಇಲ್ಲಿ ಗ್ಯಾಸ್ ಇದೆ, ಯಾರೂ ಹತ್ತಿರ ಬರಬಾರದು" ಅಂತ ಆಶಾ ಜೋರಾಗಿ ಹೇಳಿದಳು. ಎರಡೇ ಕ್ಷಣ. ಮೂವರು ಓಡಿಬಂದು ನನ್ನನ್ನು ಎತ್ತಿದರು. "ನೀವು ಮೂವರೂ ಸತ್ತಿರಿ" ಅಂದೆ, ಅವರ ತೋಳಿನಲ್ಲೇ ಮಲಗಿ. ಎಲ್ಲರೂ ನಕ್ಕರು. ಎರಡನೇ ಸಲ ಒಬ್ಬ ಓಡಿಬಂದ. ಮೂರನೇ ಸಲ ಯಾರೂ ಬರಲಿಲ್ಲ. ಎಲ್ಲರೂ ದೂರ ನಿಂತು ನನ್ನನ್ನೇ ನೋಡುತ್ತಿದ್ದರು. ಆಗ ಒಬ್ಬ ಮುದುಕಿ ಕಿರುಚಿದಳು. "ಮನಷ್ಯಾ ಬಿದ್ದಾನ, ಏನ್ ನೋಡ್ಕೋತ ನಿಂತೀರೋ, ಹಾಟ್ಯಾನಮಕ್ಳ್ಯಾ!" ಯಾರಿಗೂ ನಗು ಬರಲಿಲ್ಲ. ಉತ್ತರವೂ ಬರಲಿಲ್ಲ. ನನಗೂ.

ಕಾಕಾ, ಅಜ್ಜಿಗೆ ಏನು ಹೇಳಲಿ?

ಸೇಫ್ಟಿ ಕಾಕಾ, ಬೀದರ್

ಓಡಬೇಡ ಅಂತಷ್ಟೇ ಹೇಳಿದರೆ ಜನ ನಿಲ್ಲಲ್ಲ. ಕೈಗೆ ಕೆಲಸ ಕೊಡಬೇಕು. ಒಬ್ಬ 112ಕ್ಕೆ ಫೋನ್. ಇಬ್ಬರು ರಸ್ತೆಯ ಎರಡೂ ತುದಿಗೆ ಓಡಿ ಗಾಡಿ ತಿರುಗಿಸಲಿ. ಒಬ್ಬ ಗಾಳಿ ಬರುವ ಕಡೆ ನಿಂತು ಬಿದ್ದವನ ಹೆಸರು ಹಿಡಿದು ಕೂಗುತ್ತಲೇ ಇರಲಿ, ಎಚ್ಚರ ಇದ್ದರೆ ದನಿ ಬಂದ ಕಡೆ ತೆವಳಿಕೊಂಡು ಬರುತ್ತಾನೆ. ಅಜ್ಜಿಗೆ ಆ ಕೂಗುವ ಕೆಲಸ ಕೊಡಿ. ದನಿ ಜೋರಿದೆ ಅಲ್ವಾ.

ನಾನು ಆ ದಿನ ತೊಟ್ಟಿಗೆ ಬಿದ್ದವನ ಅಣ್ಣನಿಗೆ ಯಾವ ಕೆಲಸವನ್ನೂ ಕೊಡಲಿಲ್ಲ. ಬರೀ ಹಿಡಿದುಕೊಂಡೆ.

ಆಶಾ ಅಕ್ಕ, ಸೇಡಂ

ಕಾಕಾ...

ಬಿಸಿಲೂರು, ಕಲಬುರಗಿ

ಮಾಸ್ತರ್, ಗ್ರಾಮ ಸಭೆಗೆ ಠರಾವಿನ ಕರಡು ನಾನು ಬರೆದುಕೊಡ್ತೀನಿ. ಮುಂದಿನ ಭಾನುವಾರ ಬರ್ತೀನಿ. ಬಸ್ಸಿನ ಟೈಮ್ ಹೇಳಿ.

ಸ್ಟೇರಿಂಗ್, ಹುಮನಾಬಾದ್

ನಾನೂ ಬರ್ತೀನಿ. ಆ ದಿನ ಗಾಡಿ ಖಾಲಿ ಇರುತ್ತೆ, ಕಟ್ಟೆ ಹತ್ತಿರವೇ ತಂದು ನಿಲ್ಲಿಸಲಾ? ಫಲಕ ತೋರಿಸಬಹುದು. ಊಟಕ್ಕೆ ರೊಟ್ಟಿ, ಶೇಂಗಾ ಹಿಂಡಿ ಇದ್ದರೆ ಸಾಕು.

ಸೇಫ್ಟಿ ಕಾಕಾ, ಬೀದರ್

ಮೂರು ದಿನ ಟ್ರೇನಿಂಗ್ ಆಗಿದೆ ಅಂದೆ? ಖಾಲಿ ಟ್ಯಾಂಕರ್ ಒಳಗೆ ಆವಿ ತುಂಬಿರುತ್ತದೆ. ಅದನ್ನು ಊರ ನಡುವೆ, ಮಕ್ಕಳ ಹತ್ತಿರ ನಿಲ್ಲಿಸ್ತೀಯಾ?

ಸ್ಟೇರಿಂಗ್, ಹುಮನಾಬಾದ್

ತಪ್ಪಾಯ್ತು ಕಾಕಾ. ಗಾಡಿ ಬೇಡ, ಬಸ್ಸಿಗೆ ಬರ್ತೀನಿ. ಫಲಕದ ಫೋಟೋ ದೊಡ್ಡದಾಗಿ ಪ್ರಿಂಟ್ ಹಾಕಿಸಿಕೊಂಡು ತರ್ತೀನಿ. ರೊಟ್ಟಿ ಮಾತ್ರ ಕ್ಯಾನ್ಸಲ್ ಮಾಡಬೇಡಿ.